ಮಗಳಿಗಾಗಿ ಮಾತು ಬದಲಿಸಿದ ಮನೆ

ಗದ್ದಲದ ನಡುವೆ ಗಡದ್ದಾಗಿ ನಿದ್ದೆ ಮಾಡುವ ಮಗುವನ್ನು ಯಾರಾದರೂ ಹೊಗಳಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಮ್ಮದು ತುಮಕೂರಿನಲ್ಲಿ ಹಾಸಿಗೆ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಹತ್ತಿ ಹಿಂಜುವ ಮಷೀನು. ಮಾವನವರ ಕಾಲದಲ್ಲಿ ಬಿಲ್ಲು ಹಿಡಿದು ಹಿಂಜುತ್ತಿದ್ದರಂತೆ. ನಾನು ಮದುವೆಯಾಗಿ ಬರುವ ಹೊತ್ತಿಗೆ ಮೋಟಾರು ಬಂದಿತ್ತು. ಅದು ಶುರುವಾದರೆ ಗೋಡೆಯ ಮೇಲಿನ ಕ್ಯಾಲೆಂಡರೂ ನಡುಗುತ್ತಿತ್ತು. ತೊಂಬತ್ತರ ದಶಕದ ಮೊದಲಲ್ಲಿ ಹುಟ್ಟಿದ ನನ್ನ ಮಗಳು ಆ ಮಷೀನಿನ ಪಕ್ಕದ ಕೋಣೆಯಲ್ಲೇ, ತೊಟ್ಟಿಲಲ್ಲಿ, ನಿಶ್ಚಿಂತೆಯಾಗಿ ಮಲಗುತ್ತಿದ್ದಳು. ಬಂದವರೆಲ್ಲ ಬೆರಗಾಗುತ್ತಿದ್ದರು. ನಮ್ಮ ಅತ್ತೆಯಂತೂ, ಇದು ಹಾಸಿಗೆಯವರ ಮನೆಯ ಕೂಸು, ಹೊಟ್ಟೆಯಲ್ಲೇ ಕಸುಬು ಕಲಿತು ಬಂದಿದೆ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ನಾನೂ ಬೀಗಿದೆ. ಮಗು ಬೆಚ್ಚುವುದಿಲ್ಲ, ಏಳುವುದಿಲ್ಲ, ನನ್ನ ಕೆಲಸಕ್ಕೆ ಅಡ್ಡ ಬರುವುದಿಲ್ಲ, ಇನ್ನೇನು ಬೇಕು? ಎರಡು ವರ್ಷ ಹೀಗೆ ಹೊಗಳಿಕೊಂಡೇ ಕಳೆದೆವು. ನಮ್ಮಂಥ ದಡ್ಡರು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ.

ಗುಬ್ಬಿಯ ನನ್ನ ತವರುಮನೆಯಲ್ಲಿ ಮಷೀನಿಲ್ಲ. ರಂಜಾನ್ ಮುಗಿಸಿ ಅಲ್ಲಿಗೆ ಹೋಗಿದ್ದಾಗ ಅಮ್ಮನ ಕೈಯಿಂದ ದೊಡ್ಡ ಸ್ಟೀಲ್ ಪರಾತ ಜಾರಿ ಬಿತ್ತು. ನಾನು ಹೌಹಾರಿದೆ, ಬೆಕ್ಕು ಅಟ್ಟಕ್ಕೆ ಹಾರಿತು, ಪಕ್ಕದ ಮನೆಯವರು ಏನಾಯಿತೆಂದು ಕೂಗಿ ಕೇಳಿದರು. ಮಗಳು ಬಾಗಿಲ ಬಳಿ ಕೂತು ಹುಣಸೆ ಬೀಜ ಜೋಡಿಸುತ್ತಿದ್ದವಳು ಜೋಡಿಸುತ್ತಲೇ ಇದ್ದಳು. ಅಮ್ಮ ಸ್ವಲ್ಪ ಹೊತ್ತು ಅವಳನ್ನೇ ನೋಡಿದರು. ಆಮೇಲೆ ಸೌಟು ತಂದು ಅವಳ ಬೆನ್ನ ಹಿಂದೆ ನಿಂತು ತಟ್ಟೆಗೆ ಬಡಿದರು, ಒಂದು ಸಲ, ಎರಡು ಸಲ. ನಾನು ಮಗಳ ಹೆಸರು ಹಿಡಿದು ಕಿರುಚಿದೆ. ಅವಳು ಅದಕ್ಕೂ ತಿರುಗಲಿಲ್ಲ.

ಮುಂದಿನ ತಿಂಗಳುಗಳಲ್ಲಿ ಅಲೆದ ಆಸ್ಪತ್ರೆಗಳ ಕಥೆ ಬೇಡ. ಬೆಂಗಳೂರಿನಲ್ಲಿ ಟೆಸ್ಟು ಮಾಡಿ, ಕಿವಿ ಪೂರ್ತಿ ಹೋಗಿಲ್ಲ, ಚೂರು ಉಳಿದಿದೆ ಎಂದರು. ಕುಣಿಗಲ್‌ಗೆ ಕೊಟ್ಟಿದ್ದ ನನ್ನ ನಾದಿನಿ, ಅವರ ಊರಲ್ಲಿ ಕ್ಯಾಂಪು ನಡೆಯುತ್ತಿದೆ, ಕಿವಿಯ ಮಷೀನು ಪುಕ್ಕಟೆ ಕೊಡುತ್ತಿದ್ದಾರೆ ಎಂದು ಹೇಳಿಕಳಿಸಿದಳು. ಅಲ್ಲಿ ಸಿಕ್ಕಿದ್ದು ಸಿಗರೇಟು ಪ್ಯಾಕಿನಷ್ಟು ದೊಡ್ಡ ಡಬ್ಬಿ. ಅದನ್ನು ಎದೆಯ ಮೇಲೆ ಕಟ್ಟಬೇಕು, ಅದರಿಂದ ಎರಡು ವೈರು ಕಿವಿಗೆ ಹೋಗಬೇಕು. ಒಂದು ಮಷೀನಿನ ಸದ್ದಿನಿಂದ ಮೋಸ ಹೋಗಿದ್ದ ನಾವು ಇನ್ನೊಂದು ಮಷೀನು ಹಿಡಿದುಕೊಂಡು ಮನೆಗೆ ಬಂದೆವು. ಮಗಳು ಅದನ್ನು ಕಿತ್ತು ಎಸೆದಳು. ನಾನು ಕಟ್ಟಿದೆ. ಅವಳು ಕಿತ್ತಳು. ಹಾಸಿಗೆ ಹೊಲಿಯುವ ದಪ್ಪ ಪಟ್ಟೆಬಟ್ಟೆಯಲ್ಲಿ ಜೇಬು ಮಾಡಿ ಬೆನ್ನಿನ ಕಡೆ ಗುಂಡಿ ಹಾಕಿದ ಮೇಲೆ ಸೋತಳು. ಕಸುಬು ಕಲಿತದ್ದು ಕೊನೆಗೆ ಅವಳಲ್ಲ, ನಾನು.

ಊರಲ್ಲಿ ಕಿವಿ ಕೇಳದ ಮಕ್ಕಳಿಗೆ ಒಂದು ಶಾಲೆ ಇತ್ತು. ಅಲ್ಲಿನ ಟೀಚರ್ ದಪ್ಪ ಕನ್ನಡಕದ, ಮಾತು ಮಾತಿಗೂ ಬೆರಳು ಎತ್ತುವ ಹೆಂಗಸು. ಮಗಳನ್ನು ನೋಡುವುದಕ್ಕೂ ಮುಂಚೆ ನನ್ನನ್ನು ನೋಡಿದರು.

"ಮನೇಲಿ ಯಾವ್ ಭಾಷೆ ಮಾತಾಡ್ತೀರಿ?"

"ಉರ್ದು."

"ಹೊರಗಡೆ?"

"ಕನ್ನಡ."

"ಎರಡೂ ಆಗಲ್ಲ ಕಣಮ್ಮ. ಈ ಮಗೂಗೆ ಒಂದು ಭಾಷೆ ಹಿಡ್ಯೋದೇ ಕಷ್ಟ. ಮುಂದೆ ಬೇರೆ ಮಕ್ಳ ಜೊತೆ ಮಾಮೂಲಿ ಸ್ಕೂಲಲ್ಲಿ ಕೂತ್ಕೋಬೇಕು ಅಂದ್ರೆ ಒಂದನ್ನ ಆರಿಸ್ಕೊಳ್ಳಿ. ಆಮೇಲೆ ಮನೇಲಿ ಎಲ್ಲರೂ ಅದನ್ನೇ ಮಾತಾಡ್ಬೇಕು. ಎಲ್ಲರೂ ಅಂದ್ರೆ ಎಲ್ಲರೂ. ತಪ್ಪಿಲ್ದೆ, ಪೂರ್ತಿ ವಾಕ್ಯ."

ಆರಿಸಿಕೊಳ್ಳುವುದಕ್ಕೆ ಏನಿತ್ತು? ಊರಲ್ಲಿ ಉರ್ದು ಶಾಲೆಗಳಿದ್ದವು, ಆದರೆ ಕಿವಿ ಕೇಳದ ಮಗುವಿಗೆ ಉರ್ದುವಿನಲ್ಲಿ ಮಾತು ಕಲಿಸುವವರು ಒಬ್ಬರೂ ಇರಲಿಲ್ಲ. ನಾನು ಗುಬ್ಬಿಯಲ್ಲಿ ಕನ್ನಡ ಮೀಡಿಯಮ್ಮಿನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಕನ್ನಡದಲ್ಲಿ ಶಾಲೆಗೇ ಹೆಚ್ಚು ಅಂಕ ತೆಗೆದವಳೆಂಬ ಜಂಬವೂ ಇತ್ತು. ಅವತ್ತು ಸಂಜೆಯೇ ಮನೆಯವರನ್ನೆಲ್ಲ ಕೂರಿಸಿ, ನಾಳೆಯಿಂದ ಮಗುವಿನ ಮುಂದೆ ಉರ್ದು ಬಂದ್ ಎಂದು ಹೇಳಿದೆ. ಅವಳನ್ನು ಮಾಮೂಲಿ ಶಾಲೆಯ ಬೆಂಚಿನ ಮೇಲೆ ಕೂರಿಸುವವರೆಗೂ ನನಗೆ ಬೇರೆ ಯಾವುದೂ ಬೇಕಿರಲಿಲ್ಲ.

ನನ್ನ ಗಂಡ ಪಾಪದ ಮನುಷ್ಯ, ತಕ್ಷಣ ಒಪ್ಪಿದರು. ತೊಂದರೆ ಏನೆಂದರೆ ಅವರು ಜನ್ಮದಲ್ಲಿ ಕನ್ನಡ ಮಾತಾಡಿದ್ದು ಗಿರಾಕಿಗಳ ಜೊತೆ ಮಾತ್ರ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಿರಾಕಿಗೆ ಹೇಳುವುದನ್ನೇ ಹೇಳುತ್ತಿದ್ದರು: "ಬನ್ನಿ ಬನ್ನಿ, ಕೂತ್ಕೊಳ್ಳಿ. ಹತ್ತಿ ನೋಡಿ, ಒಳ್ಳೆ ಮಾಲು. ಮುಟ್ಟಿ ನೋಡಿ." ನಾನು ತಲೆ ಚಚ್ಚಿಕೊಂಡೆ. ಮಗಳೊಂದಿಗೆ ಬೇರೆ ಏನು ಮಾತಾಡಬೇಕೋ ಕನ್ನಡದಲ್ಲಿ ಗೊತ್ತಿಲ್ಲ ಎಂದು ಅವರು ಸಂಕೋಚದಿಂದ ಹೇಳಿದರು. ವರ್ಷ ತುಂಬುವ ಹೊತ್ತಿಗೆ ಮಗಳ ಬಾಯಿಂದ ಮೊದಲ ಪೂರ್ತಿ ವಾಕ್ಯ ಬಂತು. ಕನ್ನಡಕದ ಟೀಚರ್ ಮುಂದೆ ತನ್ನ ಹೊಸ ರಿಬ್ಬನ್ ಚಾಚಿ "ಮುಟ್ಟಿ ನೋಡಿ" ಅಂದಳು. ಟೀಚರ್ ಖುಷಿಯಿಂದ ಕುಣಿದಾಡಿದರು. ನಾನು ಅಳುತ್ತಾ ನಗುತ್ತಾ ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಅವತ್ತು ಮಧ್ಯಾಹ್ನವೇ ಅಂಗಡಿ ಮುಚ್ಚಿದರು.

ಕಷ್ಟವಾದದ್ದು ಅತ್ತೆಯಿಂದ. ಅವರು ಹುಟ್ಟಿದ್ದು, ಬೆಳೆದದ್ದು, ಮದುವೆಯಾಗಿ ಬಂದದ್ದು ಎಲ್ಲವೂ ಉರ್ದು ಮಾತಾಡುವ ಗಲ್ಲಿಗಳಲ್ಲೇ. ಅವರ ಕನ್ನಡ ಸೊಪ್ಪಿನವಳ ಜೊತೆ ಚೌಕಾಸಿ ಮಾಡುವಷ್ಟು. ಆದರೂ ಮೊಮ್ಮಗಳ ಮೇಲಿನ ಆಸೆಯಿಂದ ಪ್ರಯತ್ನಪಟ್ಟರು. ಉರ್ದುವಿನಲ್ಲಿ ದಾದಿ ಎನ್ನಿಸಿಕೊಳ್ಳಬೇಕಾದವರು ಅಜ್ಜಿ ಎನ್ನಿಸಿಕೊಳ್ಳಲು ಒಪ್ಪಿದರು. ಒಂದು ಮಧ್ಯಾಹ್ನ ನೆರೆಮನೆಯ ಇಬ್ಬರು ಹೆಂಗಸರು ಬಂದು ಕೂತಿದ್ದಾಗ, ಮಗಳಿಗೆ ಬಾಳೆಹಣ್ಣು ಸುಲಿದು ಹಿಡಿದು, "ಬಾ ಬಾ. ಹಣ್ಣು ತಿಂತೈತಾ ನೀನು? ಬಹುತ್ ಚೆಂದ ಐತೆ ಹಣ್ಣು ನೀನು" ಎಂದು ರಮಿಸುತ್ತಿದ್ದರು. ನಾನು ಅಡುಗೆಮನೆಯಿಂದ ಬಿರುಗಾಳಿಯಂತೆ ಬಂದೆ. ನನಗೆ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಇಡೀ ಬೆಳಿಗ್ಗೆ ಒಂದು ವಾಕ್ಯವನ್ನು ಮೂವತ್ತು ಸಲ ಹೇಳಿ ಹೇಳಿ ಗಂಟಲು ಹರಿದುಕೊಂಡಿದ್ದೆ.

"ತಪ್ಪು ತಪ್ಪಾಗಿ ಮಾತಾಡೋದಾದ್ರೆ ಅವಳ ಹತ್ರ ಮಾತಾಡ್ಲೇಬೇಡಿ" ಅಂದೆ. ಅದನ್ನೂ ಕನ್ನಡದಲ್ಲೇ ಅಂದೆ, ನೆರೆಯವರ ಮುಂದೆ.

ಅತ್ತೆ ಹಣ್ಣನ್ನು ತಟ್ಟೆಯಲ್ಲಿಟ್ಟರು. ಸೆರಗು ಸರಿಮಾಡಿಕೊಂಡು ಎದ್ದು ಒಳಗೆ ಹೋದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ನನ್ನ ಕಾಲ ಬಂತು ಎಂದು ಒಳಗೊಳಗೇ ಅನ್ನಿಸಿದ್ದನ್ನು ಈಗ ಮುಚ್ಚಿಡುವುದಿಲ್ಲ. ಅವತ್ತಿನಿಂದ ಅವರು ಮಗಳ ಜೊತೆ ಒಂದು ಮಾತೂ ಆಡಲಿಲ್ಲ. ಬೇರೆಯವರ ಜೊತೆ ಉರ್ದುವಿನಲ್ಲಿ ಮಾತಾಡುತ್ತಿರುವಾಗ ಮಗಳು ಕೋಣೆಗೆ ಬಂದರೆ ಅರ್ಧಕ್ಕೇ ನಿಲ್ಲಿಸುತ್ತಿದ್ದರು. ತಲೆ ಬಾಚುತ್ತಿದ್ದರು, ಊಟ ಬಡಿಸುತ್ತಿದ್ದರು, ಜ್ವರ ಬಂದರೆ ರಾತ್ರಿಯೆಲ್ಲ ಹಣೆಗೆ ಬಟ್ಟೆ ಹಾಕುತ್ತಿದ್ದರು, ಆದರೆ ತುಟಿ ಬಿಚ್ಚುತ್ತಿರಲಿಲ್ಲ. ಮುನಿಸು, ನಾಲ್ಕು ದಿನ ಇರುತ್ತದೆ ಎಂದುಕೊಂಡೆ. ಆಮೇಲೆ ನನಗೂ ಅದೇ ಅನುಕೂಲವಾಯಿತು.

ನಾನು ಎಷ್ಟು ಕೆಟ್ಟುಹೋಗಿದ್ದೆ ಎಂದರೆ ಕುಣಿಗಲ್‌ನಲ್ಲಿ ನಾದಿನಿಯ ಮೈದುನನ ಮದುವೆಗೆ ಹೋಗಿ ಅಲ್ಲೂ ಪೊಲೀಸ್ ಕೆಲಸಕ್ಕೆ ನಿಂತೆ. ಮಗಳ ಕೈ ಹಿಡಿದುಕೊಂಡು ಶಾಮಿಯಾನಾದ ತುಂಬ ಓಡಾಡಿದೆ. ಯಾವ ಚಿಕ್ಕಮ್ಮ ಕೆನ್ನೆ ಹಿಂಡಲು ಬಂದರೂ, "ಕನ್ನಡದಲ್ಲಿ ಮಾತಾಡ್ಸಿ, ಇಲ್ಲಾಂದ್ರೆ ಬೇಡ" ಅಂದೆ. ಚಿಕ್ಕಮ್ಮಂದಿರು ಹಿಂಡಲು ಎತ್ತಿದ ಕೈ ಹಾಗೇ ಕೆಳಗಿಳಿಸಿದರು. ನಾದಿನಿಯ ಗಂಡ ತಮಾಷೆಯ ಮನುಷ್ಯ. ಎಲ್ಲರ ಮುಂದೆ ಗಟ್ಟಿಯಾಗಿ, "ಅಕ್ಕಾ, ಖಾಜಿ ಸಾಬ್ರಿಗೂ ಒಂದ್ ಮಾತು ಹೇಳ್ಬುಡಿ, ನಿಕಾನೂ ಕನ್ನಡದಲ್ಲೇ ಓದ್ಸನ" ಅಂದ. ಶಾಮಿಯಾನಾ ಗೊಳ್ಳೆಂದಿತು. ಇವರ ಮಗಳಾಗಿದ್ದರೆ ನಗುತ್ತಿದ್ದರೇ ಎಂದುಕೊಂಡೆ. ಊಟಕ್ಕೂ ನಿಲ್ಲದೆ ಮಗಳನ್ನು ಎಳೆದುಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಆ ಬಿರಿಯಾನಿಯ ವಾಸನೆ ಇವತ್ತಿಗೂ ನನ್ನ ಮೂಗಿನಲ್ಲಿದೆ. ಬಸ್ಸು ಹೊರಡುವಾಗ ನೋಡಿದರೆ ಅತ್ತೆಯೂ ಏದುಸಿರು ಬಿಡುತ್ತಾ ಹತ್ತಿ ಬಂದರು. ತಮ್ಮ ಸ್ವಂತ ಮಗಳ ಮನೆಯ ಮದುವೆ ಬಿಟ್ಟು, ಹಸಿದ ಹೊಟ್ಟೆಯಲ್ಲಿ, ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ತುಮಕೂರಿನವರೆಗೂ ಬಂದರು. 

ಮಗಳು ಮಾತ್ರ ಮುಂದೆ ಹೋಗುತ್ತಿದ್ದಳು, ಬಸವನಹುಳುವಿನಂತೆ. ಒಂದು ಪದ ಕೂರುವುದಕ್ಕೆ ಒಂದು ವಾರ, ಅದು ಮರೆತುಹೋಗುವುದಕ್ಕೆ ಒಂದು ಭಾನುವಾರ. ಡಬ್ಬಿಯ ಸೆಲ್ಲು ಖಾಲಿಯಾದದ್ದು ಗೊತ್ತಾಗದೆ ಎರಡು ದಿನ ಸುಮ್ಮನೆ ಬಾಯಿ ಬಡಿದುಕೊಂಡದ್ದೂ ಉಂಟು. ಆದರೂ ಏಳು ವರ್ಷ ತುಂಬುವ ಹೊತ್ತಿಗೆ ಬಾಯಿ ನೋಡಿಕೊಂಡು ಅರ್ಥ ಮಾಡಿಕೊಳ್ಳುತ್ತಿದ್ದಳು, ಸಣ್ಣ ಸಣ್ಣ ವಾಕ್ಯ ಓದುತ್ತಿದ್ದಳು, ಅವಳ ಮಾತು ನಮಗಾದರೂ ತಿಳಿಯುತ್ತಿತ್ತು. ಕನ್ನಡಕದ ಟೀಚರ್ ಬೆರಳೆತ್ತಿ, "ಇನ್ನು ಮಾಮೂಲಿ ಸ್ಕೂಲಿಗೆ ಟ್ರೈ ಮಾಡಿ" ಅಂದರು. ಹೇಳುವುದು ಸುಲಭ.

ಮನೆ ಹತ್ತಿರದ ಪ್ರೈವೇಟ್ ಶಾಲೆಯವರು, ಬೇರೆ ಮಕ್ಕಳ ತಂದೆ ತಾಯಿ ಒಪ್ಪುವುದಿಲ್ಲ ಎಂದರು. ಇನ್ನೊಂದು ಶಾಲೆಯವರು ಡಬ್ಬಿಯಿಂದ ಕರೆಂಟು ಹೊಡೆಯುತ್ತದಾ ಎಂದು ಕೇಳಿದರು. ನನಗೆ ಕೊನೆಯ ಆಸೆ ಗುಬ್ಬಿ. ನನಗೆ ಕನ್ನಡ ಕಲಿಸಿದ ಟೀಚರೇ ಅಲ್ಲಿನ ಶಾಲೆಯಲ್ಲಿ ಹೆಡ್ ಮಿಸ್ ಆಗಿದ್ದರು. ನಾನು ಮಗಳೊಂದಿಗೆ ತವರಿನಲ್ಲೇ ಇದ್ದು ಓದಿಸುತ್ತೇನೆ ಎಂದು ಗಂಡನನ್ನು ಒಪ್ಪಿಸಿ, ಬೆಳಿಗ್ಗೆಯ ಪ್ಯಾಸೆಂಜರ್ ರೈಲು ಹತ್ತಿ ಹೋದೆ. ಅವರು ನನ್ನನ್ನು ಗುರುತು ಹಿಡಿದು ಕಾಫಿ ತರಿಸಿದರು. "ನಿನ್ ಕೈಬರಹ ಮುತ್ತು ಪೋಣಿಸ್ದಂಗಿತ್ತು ಕಣೇ" ಎಂದು ಬೇರೆ ಟೀಚರುಗಳನ್ನು ಕರೆದು ತೋರಿಸಿದರು. ಆಮೇಲೆ ನನ್ನ ಮಗಳ ಎದೆಯ ಮೇಲಿನ ಡಬ್ಬಿ ನೋಡಿ ದನಿ ತಗ್ಗಿಸಿದರು.

"ಇದೊಂದು ಮಾತ್ರ ಕೇಳ್ಬೇಡ. ಇಂಥೋರಿಗೆ ಅಂತ್ಲೇ ಬೇರೆ ಸ್ಕೂಲ್ ಇದ್ಯಲ್ಲ, ಅಲ್ಲಿ ಚೆನ್ನಾಗಿರ್ತಾಳೆ ಬುಡು."

ಬೇರೆ ಯಾರು ಹೇಳಿದ್ದರೂ ಜಗಳ ಆಡುತ್ತಿದ್ದೆ. ಅವರಿಗೆ ಕೈಮುಗಿದು ಮಗಳನ್ನು ಎಬ್ಬಿಸಿಕೊಂಡು ಹೊರಗೆ ಬಂದೆ. ವಾಪಸ್ಸು ರೈಲಿನಲ್ಲಿ ಮಗಳು ಕಿಟಕಿಯಿಂದ ಕಂಡದ್ದಕ್ಕೆಲ್ಲ ಹೆಸರು ಹೇಳುತ್ತಾ ಬಂದಳು: ತೆಂಗಿನ ಮರ, ಎಮ್ಮೆ, ಸೈಕಲ್, ಗೇಟು. ನಾನು ಒಂದಕ್ಕೂ ಹೂಂ ಅನ್ನಲಿಲ್ಲ.

ಕೊನೆಗೆ ಬಾಗಿಲು ತೆರೆದದ್ದು ನಮ್ಮೂರಿನ ಅಂಚಿನ ಸತ್ಯಮಂಗಲದ ಕಡೆಯ ಒಂದು ಸರ್ಕಾರಿ ಶಾಲೆ. ಅಲ್ಲಿ ಬರುತ್ತಿದ್ದವರು ಹೆಚ್ಚಾಗಿ ಫ್ಯಾಕ್ಟರಿ ಕೂಲಿಯವರ ಮಕ್ಕಳು. ಎರಡನೇ ಕ್ಲಾಸಿನ ಟೀಚರ್ ಬೆಳ್ಳಾವಿಯಿಂದ ಬಸ್ಸಿನಲ್ಲಿ ಓಡಾಡುವ, ತೋಟದ ಮನೆಯ, ಎತ್ತರದ ಹೆಂಗಸು. ನಾನು ಹತ್ತು ನಿಮಿಷ ಮಾಡಿದ ಭಾಷಣ ಕೇಳಿ, "ಕೂತ್ಕಳ್ಲಿ ಬುಡಿ, ನಂಗೇನು. ಐವತ್ತು ಐಕ್ಳವ್ರೆ, ಐವತ್ತೊಂದಾಯ್ತವೆ" ಅಂದರು. ಹೆಡ್ ಮಿಸ್ ಮಾತ್ರ ಒಂದು ಷರತ್ತು ಹಾಕಿದರು. ಹುಡುಗಿ ಬಂದು ಕೂರಬಹುದು, ಆದರೆ ಹೆಸರು ಹಾಜರಿ ಪುಸ್ತಕಕ್ಕೆ ಹತ್ತುವುದಿಲ್ಲ. ಒಂದು ವರ್ಷ ನೋಡೋಣ. ಹೆಸರು ಹತ್ತಿಸಿದ ಮೇಲೆ ಅವಳು ಫೇಲಾದರೆ ಶಾಲೆಯ ರಿಸಲ್ಟಿಗೆ ಯಾರು ಜವಾಬ್ದಾರಿ?

ನಾನು ಅದಕ್ಕೂ ಕೈಮುಗಿದೆ. ಮೊದಲು ವಾರಕ್ಕೆ ಎರಡು ದಿನ, ಮಿಕ್ಕ ದಿನ ಕನ್ನಡಕದ ಟೀಚರ್ ಹತ್ತಿರ. ಆಮೇಲೆ ಮೂರು ದಿನ. ದೀಪಾವಳಿ ರಜೆ ಕಳೆದ ಮೇಲೆ ದಿನಾ ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಅಲ್ಲಿ. ನಾನು ಬುರ್ಖಾದಲ್ಲಿ ಬೆವರುತ್ತಾ ವರಾಂಡದಲ್ಲಿ ಕೂತು ಕಿಟಕಿಯಿಂದ ಇಣುಕುತ್ತಿದ್ದೆ. ಬೆಳ್ಳಾವಿ ಟೀಚರಿಗೆ ಬೋರ್ಡಿನ ಕಡೆ ತಿರುಗಿಕೊಂಡು ಪಾಠ ಹೇಳುವ ಅಭ್ಯಾಸ, ಸೀಮೆಸುಣ್ಣದ ಪುಡಿ ಹಾರಿದರೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ. ಬಾಯಿ ಕಾಣದಿದ್ದರೆ ನನ್ನ ಮಗಳಿಗೆ ಪಾಠವೇ ಇಲ್ಲ. "ಮಿಸ್, ಈ ಕಡೆ ತಿರುಗಿ. ಮಿಸ್, ಸೆರಗು" ಎಂದು ದಿನಕ್ಕೆ ಹತ್ತು ಸಲ ಕಿಟಕಿಯಿಂದ ಕೂಗುತ್ತಿದ್ದೆ. "ನಿಮ್ ಕಾಟ ತಡ್ಯಕಾಗಲ್ಲ ಕಣ್ರೀ, ನೀವೇ ಬಂದ್ ಪಾಠ ಮಾಡ್ಬುಡಿ" ಅನ್ನುತ್ತಿದ್ದರು, ಅಂದುಕೊಂಡೇ ತಿರುಗುತ್ತಿದ್ದರು. ಹುಡುಗರದು ಇನ್ನೊಂದು ಕಾಟ. ಡಬ್ಬಿಯನ್ನು ರೇಡಿಯೋ ಎಂದುಕೊಂಡು, ಮ್ಯಾಚಿದ್ದ ದಿನ ಇವಳನ್ನು ಸುತ್ತುವರಿದು, "ಸ್ಕೋರ್ ಎಷ್ಟಾಯ್ತಂತೆ, ಹೇಳೇ" ಎಂದು ಪೀಡಿಸುತ್ತಿದ್ದರು. ಇವಳು ಬಾಯಿಗೆ ಬಂದ ನಂಬರು ಹೇಳುತ್ತಿದ್ದಳು. ಅವರು ನಂಬುತ್ತಿದ್ದರು.

ಅವಳ ಹೆಸರು ಹಾಜರಿ ಪುಸ್ತಕಕ್ಕೆ ಹತ್ತಿದ್ದು ನಾನು ಕೈಮುಗಿದದ್ದರಿಂದಲ್ಲ, ಅವಳದೇ ಒಂದು ತಪ್ಪಿನಿಂದ. ದಿನಾ ಬೆಳಿಗ್ಗೆ ಟೀಚರ್ ಪುಸ್ತಕದ ಮೇಲೆ ತಲೆ ಬಗ್ಗಿಸಿಕೊಂಡು ಹೆಸರು ಕೂಗುತ್ತಿದ್ದರು. ಬಗ್ಗಿದ ತಲೆಯ ಬಾಯಿ ಮಗಳಿಗೆ ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿದ್ದದ್ದು ಇಷ್ಟು: ಒಬ್ಬೊಬ್ಬರೇ ಎದ್ದು ನಿಂತು "ಎಸ್ ಮಿಸ್" ಅನ್ನುತ್ತಾರೆ, ಕೂರುತ್ತಾರೆ. ಎಲ್ಲರಿಗೂ ಸರದಿ ಬರುತ್ತದೆ, ತನಗೊಬ್ಬಳಿಗೇ ಇಲ್ಲ. ಒಂದೊಂದು ಸಲ ಮಾತ್ರ ಯಾರೂ ಏಳದ ಒಂದು ಚೂರು ಬಿಡುವು ಬರುತ್ತಿತ್ತು. ಅದು ಬರದೇ ಇದ್ದ ಮಗುವಿನ ಹೆಸರೆಂದು ಅವಳಿಗೇನು ಗೊತ್ತು? ಅದೇ ತನ್ನ ಸರದಿ ಎಂದು ತೀರ್ಮಾನಿಸಿ, ಎದ್ದು ನಿಂತು, ಎರಡೂ ಕೈ ಕಟ್ಟಿಕೊಂಡು, "ಎಸ್ ಮಿಸ್" ಅನ್ನತೊಡಗಿದಳು. ಇಬ್ಬರು ಬರದಿದ್ದರೆ ಎರಡು ಸಲ.

ಅಮೃತೂರಿನ ಸೋದರಮಾವನ ಮನೆಗೆ ಹೋಗಿ ಮೂರು ವಾರವಾದರೂ ಬಾರದಿದ್ದ ಒಬ್ಬ ಹುಡುಗ ಪುಸ್ತಕದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಒಂದು ದಿನ ಹೆಡ್ ಮಿಸ್ ಬಂದು ತಲೆ ಎಣಿಸಿದರು, ಪುಸ್ತಕ ನೋಡಿದರು, ಮತ್ತೆ ಎಣಿಸಿದರು. ಮರುದಿನ ಬಾಗಿಲಲ್ಲಿ ನಿಂತು ಕೂಗುವುದನ್ನು ಪೂರ್ತಿ ಕೇಳಿದರು. ನನ್ನ ಮಗಳು ಅವತ್ತು ನಾಲ್ಕು ಜನರ ಪರವಾಗಿ ಎದ್ದು ನಿಂತಳು. ನಾನು ವರಾಂಡದಲ್ಲಿ ಕೂತು ಇವತ್ತಿಗೆ ಮುಗಿಯಿತು ಎಂದುಕೊಂಡೆ. ಹೆಡ್ ಮಿಸ್ ರೇಗಿ, "ಊರೋರ್ದೆಲ್ಲ ಹಾಜರಿ ಇವಳೇ ಹೇಳೋದಾದ್ರೆ ಇವಳ್ದೂ ಒಂದು ಹೆಸ್ರು ಬರ್ದು ಸಾಯಿಸ್ರೀ ಅತ್ಲಾಗೆ" ಅಂದರು. ಬೆಳ್ಳಾವಿ ಟೀಚರ್ ಆ ಕ್ಷಣವೇ ಪೆನ್ನು ತೆಗೆದರು. ಇಷ್ಟು ದಿನ ನಿಮಗೆ ಗೊತ್ತೇ ಆಗಲಿಲ್ಲವಾ ಎಂದು ಆಮೇಲೆ ಅವರನ್ನು ಕೇಳಿದೆ. "ನಂಗೆಲ್ ಗೊತ್ತಾಯ್ತದೆ, ತಲೆ ಬಗ್ಗಿಸ್ಕಂಡಿರ್ತೀನಲ್ಲ" ಎಂದು ನಕ್ಕರು. ಅವತ್ತು ಸಂಜೆ ಅತ್ತೆ ಹಬ್ಬಕ್ಕೆ ಮಾಡುವ ಶಾವಿಗೆ ಪಾಯಸ, ಶೀರ್ ಖುರ್ಮಾ ಮಾಡಿ ಮಗಳ ಮುಂದೆ ಬಟ್ಟಲು ತುಂಬ ಇಟ್ಟರು. ಅವಳು ತಿನ್ನುವುದನ್ನೇ ನೋಡುತ್ತಾ ಕೂತಿದ್ದರು. ಆಗಲೂ ಏನೂ ಹೇಳಲಿಲ್ಲ.

ನಾನು ಗೆದ್ದೆ ಎಂದುಕೊಂಡೆ. ಬೇಕಾದದ್ದು ಸಿಕ್ಕಿತ್ತಲ್ಲ.

ಮೂರನೇ ಕ್ಲಾಸಿಗೂ ಅದೇ ಟೀಚರ್ ಬಂದರು. ಒಂದು ಶನಿವಾರ, ಮನೆಯಲ್ಲಿ ಅಜ್ಜಿಯ ಹತ್ತಿರ ಒಂದು ಕಥೆ ಕೇಳಿಕೊಂಡು ಬಂದು ಸೋಮವಾರ ಎಲ್ಲರ ಮುಂದೆ ಹೇಳಬೇಕು ಎಂದು ಹೋಂವರ್ಕ್ ಕೊಟ್ಟರಂತೆ. ಮಗಳು ಮನೆಯಲ್ಲಿ ಅದರ ಸುದ್ದಿಯನ್ನೇ ಎತ್ತಲಿಲ್ಲ. ಸೋಮವಾರ ಕರೆತರಲು ಹೋದಾಗ ಟೀಚರ್ ನನ್ನನ್ನು ಪಕ್ಕಕ್ಕೆ ಕರೆದರು.

"ಏನ್ರೀ, ನಿಮ್ಮತ್ತೆಗೂ ಹಿಂಗೇನಾ? ಮೊದ್ಲೇ ಹೇಳ್ಬಾರ್ದಾ. ನಮ್ಮಜ್ಜಿಗೆ ಕಿವೀನೂ ಕೇಳಲ್ಲ, ಮಾತೂ ಬರಲ್ಲ, ಕಥೆ ಹೇಳಕಾಗಲ್ಲ ಅಂದ್ಳು. ನಂಗೆ ಬೇಜಾರಾಗೋಯ್ತು. ವಂಶದಲ್ಲೇ ಐತಾ?"

ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಹೋಂವರ್ಕ್ ತಪ್ಪಿಸಿಕೊಳ್ಳಲು ಸುಳ್ಳು ಹೇಳುವಷ್ಟು ಮಾಮೂಲಿ ಮಗುವಾಗಿಬಿಟ್ಟಳಲ್ಲ ಎಂದು ಸ್ವಲ್ಪ ಹೆಮ್ಮೆಯೂ ಆಯಿತು. ಮನೆಗೆ ಬಂದು ಎದುರಿಗೆ ಕೂರಿಸಿಕೊಂಡು, ಅಜ್ಜಿಗೆ ಕಿವಿ ಕೇಳುವುದಿಲ್ಲ ಎಂದು ಯಾಕೆ ಸುಳ್ಳು ಹೇಳಿದೆ ಎಂದು ಗದರಿದೆ. ಅವಳು ನನ್ನನ್ನೇ ದಡ್ಡಿಯನ್ನು ನೋಡುವಂತೆ ನೋಡಿದಳು.

"ಸುಳ್ಳಲ್ಲ. ಅಜ್ಜಿ ತುಟಿ ಅಲ್ಲಾಡುತ್ತೆ. ಶಬ್ದ ಬರಲ್ಲ."

ಎಲ್ಲಿ ನೋಡಿದೆ ಎಂದು ಕೇಳಿದೆ. ಅವಳು ಚಾಪೆಯ ಕಡೆ ಕೈ ತೋರಿಸಿದಳು. ಅತ್ತೆ ದಿನಕ್ಕೆ ಐದು ಹೊತ್ತು ನಮಾಜಿಗೆ ನಿಲ್ಲುವ ಚಾಪೆ, ಮಣಿ ಎಣಿಸುತ್ತಾ ಕೂರುವ ಚಾಪೆ. ಅಲ್ಲಿ ಅವರ ತುಟಿ ಸದ್ದಿಲ್ಲದೆ ಅಲ್ಲಾಡುವುದನ್ನು ಮಗಳು ಆರು ವರ್ಷದಿಂದ ನೋಡುತ್ತಾ ಬಂದಿದ್ದಳು. ತನ್ನ ಕಡೆ ತಿರುಗಿ ಅವರು ಮಾತಾಡಿದ್ದನ್ನು ನೋಡಿರಲಿಲ್ಲ. ಬೇರೆಯವರ ಜೊತೆ ಮಾತಾಡುವುದನ್ನೂ ನೋಡಿರಲಿಲ್ಲ, ಇವಳು ಬಂದ ಕೂಡಲೇ ಅವರು ನಿಲ್ಲಿಸುತ್ತಿದ್ದರಲ್ಲ.

"ನನ್ ಥರಾನೇ" ಎಂದು ತನ್ನ ಎದೆ ಮುಟ್ಟಿ ತೋರಿಸಿದಳು. "ಅಜ್ಜಿಗೆ ಡಬ್ಬಿ ಇಲ್ಲ. ಪಾಪ."

ಆಗ ನೆನಪಾಯಿತು. ಒಂದೆರಡು ವರ್ಷದ ಹಿಂದೆ ಅವಳು ತನ್ನ ಕಿವಿಯಿಂದ ವೈರು ಕಿತ್ತು ಅಜ್ಜಿಯ ಕಿವಿಗೆ ತುರುಕಿದ್ದಳು. ಡಬ್ಬಿ ಕುಯ್ಯೆಂದಿತು, ಅತ್ತೆ ಬೆಚ್ಚಿಬಿದ್ದರು, ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ವೈರು ಹಾಳಾಗುತ್ತದೆ ಎಂದು ನಾನು ಅವಳ ಕೈಗೆ ಒಂದು ಏಟೂ ಕೊಟ್ಟಿದ್ದೆ. ಆಟ ಎಂದುಕೊಂಡಿದ್ದೆವು.

ಮರುದಿನ ಕನ್ನಡಕದ ಟೀಚರ್ ಹತ್ತಿರ ಓಡಿದೆ. ನಿಯಮ ಮುರಿದರೆ ಮಗಳ ಮಾತು ಕೆಡುತ್ತದೆಯೇ, ಅವಳ ಅಜ್ಜಿ ಅವಳೊಂದಿಗೆ ಉರ್ದುವಿನಲ್ಲಿ ಒಂದೆರಡು ಮಾತಾಡಬಹುದೇ ಎಂದು ಹೆದರಿ ಹೆ‌ದರಿ ಕೇಳಿದೆ.

"ಓ, ಅದಾ! ಅದು ಶುರುನಲ್ಲಿ ಒಂದೆರಡು ವರ್ಷಕ್ಕೆ ಹೇಳಿದ್ದು. ಒಂದು ಭಾಷೆ ಕೂತ್ಮೇಲೆ ಅಜ್ಜಿ ಅವ್ರ ಭಾಷೇಲಿ ಮಾತಾಡಿದ್ರೆ ಏನಾಗುತ್ತೆ? ಒಳ್ಳೇದೇ. ನಾನ್ ಹೇಳಿರ್ಲಿಲ್ವಾ?"

"ಇಲ್ಲ."

"ನೀವ್ ಕೇಳ್ಬೇಕಿತ್ತಲ್ಲಮ್ಮಾ" ಅಂದರು, ಬೆರಳೆತ್ತಿ.

ಆ ಬೆರಳು ಮುರಿದುಬಿಡೋಣ ಅನ್ನಿಸಿತು. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅವರನ್ನು ಬೈದುಕೊಂಡೆ. ಆಮೇಲೆ ಗುಬ್ಬಿಯ ಹೆಡ್ ಮಿಸ್ಸನ್ನು, ನಾದಿನಿಯ ಗಂಡನನ್ನು, ಹತ್ತಿ ಹಿಂಜುವ ಮಷೀನನ್ನು ಬೈದೆ. ನಮ್ಮ ಬೀದಿಯ ತಿರುವು ಬರುವ ಹೊತ್ತಿಗೆ ಬೈಯಲು ಬೇರೆ ಯಾರೂ ಉಳಿದಿರಲಿಲ್ಲ, ನಾನೇ ಉಳಿದಿದ್ದೆ. ಬಾಳೆಹಣ್ಣನ್ನು ತಟ್ಟೆಯಲ್ಲಿಟ್ಟು ಅವರು ಎದ್ದುಹೋದದ್ದು ಕಣ್ಣಿಗೆ ಕಟ್ಟಿತು. ಮಾತಾಡಬೇಡಿ ಎಂದದ್ದು ಟೀಚರಲ್ಲ, ನಾನು.

ಅತ್ತೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಿಮ್ಮ ಮೊಮ್ಮಗಳ ಜೊತೆ ಮಾತಾಡಿ ಎಂದು ಉರ್ದುವಿನಲ್ಲಿ ಹೇಳಿದೆ. ಮಗಳು ಟೀಚರಿಗೆ ಹೇಳಿದ್ದನ್ನೂ ಹೇಳಿದೆ. ಅವರ ಕೈ ಅಕ್ಕಿಯ ಮೇಲೇ ನಿಂತುಹೋಯಿತು. ಯಾವ ಭಾಷೆಯಲ್ಲಿ ಎಂದು ಕೇಳಿದರು. ನಿಮ್ಮದರಲ್ಲಿ ಎಂದೆ. ಕ್ಷಮಿಸಿ ಎನ್ನುವುದು ಬಾಯಿಗೆ ಬಂದಿತ್ತು, ನನ್ನ ಹಾಳು ಜಂಬ, ಯಾವ ಭಾಷೆಯಲ್ಲೂ ಹೊರಗೆ ಬರಲಿಲ್ಲ.

ಮಗಳು ಶಾಲೆಯಿಂದ ಬಂದ ಮೇಲೆ ಅತ್ತೆ ಕೈ ತೊಳೆದು ಬಂದು ಅವಳ ಎದುರು ಕೂತರು. ಎಲ್ಲಿ ಮಾತಾಡಬೇಕು ಎಂದು ಸನ್ನೆಯಲ್ಲಿ ನನ್ನನ್ನು ಕೇಳಿದರು. ಡಬ್ಬಿ ತೋರಿಸಿದೆ. ಅವರು ಬಗ್ಗಿ ಡಬ್ಬಿಗೇ ಬಾಯಿಟ್ಟು ಮಾತಾಡತೊಡಗಿದರು. ನಾನು ಅವರ ಗಲ್ಲ ಹಿಡಿದು ಮುಖ ಮೇಲೆತ್ತಿದೆ. ಅವರು ಹೇಳಿದ್ದು ಕಥೆಯೇ ಅಲ್ಲ. ಬಿಸಿಲಲ್ಲಿ ಓಡಬೇಡ, ತಲೆಗೆ ಎಣ್ಣೆ ಹಚ್ಚಲು ಬಂದರೆ ಓಡಿಹೋಗುತ್ತೀಯ, ನೀನು ತೊಟ್ಟಿಲಲ್ಲಿ ಮಲಗಿರುತ್ತಿದ್ದಾಗ ನಾನು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದೆ, ಕುಣಿಗಲ್ ಬಸ್ಸಿನಲ್ಲಿ ನಿನಗೆ ಹಸಿವಾಗಿತ್ತಾ. ಆರು ವರ್ಷ ಕೂಡಿಟ್ಟಿದ್ದ ಮಾತು, ಸಾಯಂಕಾಲದ ಅಜಾನ್ ಆಗುವವರೆಗೂ ಮುಗಿಯಲಿಲ್ಲ. ಮಗಳಿಗೆ ಒಂದು ಪದವೂ ಅರ್ಥವಾಗಲಿಲ್ಲ. ಅವಳು ಅಜ್ಜಿಯ ಬಾಯಿಯಿಂದ ಕಣ್ಣೂ ತೆಗೆಯಲಿಲ್ಲ. ನಾನು ಮಧ್ಯೆ ಕನ್ನಡದಲ್ಲಿ ಹೇಳಿಕೊಡಲು ಬಾಯಿ ತೆರೆದೆ. ಅತ್ತೆ ತಿರುಗದೆಯೇ ಕೈ ಎತ್ತಿ ನನ್ನನ್ನು ತಡೆದರು. ರಾತ್ರಿ ಮಲಗುವಾಗ ಮಗಳು, ಅಜ್ಜಿ ಇಷ್ಟು ದಿನ ಯಾಕೆ ಮಾತಾಡಲಿಲ್ಲ ಎಂದು ಕೇಳಿದಳು, ಬೇಡ ಅಂದದ್ದು ನಾನೇ ಎಂದು ಹೇಳಿದೆ.

ಮಾರನೆಯ ದಿನ ಬೆಳ್ಳಾವಿ ಟೀಚರ್ ಗೇಟಿನಲ್ಲೇ ನನಗಾಗಿ ಕಾಯುತ್ತಿದ್ದರು. ಮುಖವೆಲ್ಲ ನಗು.

"ಇವತ್ತು ನಿಮ್ ಮಗಳು ತಾನಾಗೇ ಎದ್ದು ಮುಂದುಕ್ ಬಂದ್ಳು ಕಣ್ರೀ. ಕಥೆ ಹೇಳ್ತಾಳೆ ಅನ್ಕಂಡೆ. ಕೈ ಕಟ್ಕಂಡು ನಿಂತು ಏನಂದ್ಳು ಗೊತ್ತಾ? ನಮ್ಮಜ್ಜಿಗೆ ಕಿವಿ ಕೇಳುತ್ತೆ. ಮಾತೂ ಬರುತ್ತೆ. ಮಾತಾಡಬೇಡಿ ಅಂತ ನಮ್ಮಮ್ಮ ಹೇಳಿದ್ರು."

ಟೀಚರ್ ನನ್ನ ಮುಖ ಗಮನಿಸಲಿಲ್ಲ, ಅವರ ಸಂತೋಷ ಅವರಿಗೆ.

"ಹಿಂದ್ಗಡೆ ಬೆಂಚ್ನೋರ್ಗೂ ಅರ್ಥ ಆಯ್ತು" ಅಂದರು. "ಒಂದ್ ತಪ್ಪಿಲ್ಲ ಕಣ್ರೀ. ಪೂರ್ತಿ ವಾಕ್ಯ."